ಕಾರವಾರದಲ್ಲಿ ಹಳೆ ಫ್ಲ್ಯಾಟ್ ಕೊಳ್ಳುವವರು ಮೊದಲು ಸಂಘದ ಪುಸ್ತಕ ಕೇಳಿ

ಕಾರವಾರದಲ್ಲಿ ಸಮುದ್ರದ ಹತ್ತಿರ ಹಳೆ ಫ್ಲ್ಯಾಟ್ ಹುಡುಕುತ್ತಿದ್ದೀರಾ? ಅಡ್ವಾನ್ಸ್ ಕೊಡುವ ಮೊದಲು ನನ್ನ ಕಥೆ ಒಮ್ಮೆ ಓದಿ.

ನಮ್ಮದು ಶಿರಸಿ ಕಡೆಯ ಹಳ್ಳಿ. ವರ್ಗವಾಗಿ ಕಾರವಾರಕ್ಕೆ ಬಂದು ಮೂರು ವರ್ಷ ಬಾಡಿಗೆ ಕಟ್ಟಿದೆವು. ಆಮೇಲೆ ಇಪ್ಪತ್ತಾರು ವರ್ಷ ಹಳೆಯ ಕಟ್ಟಡದಲ್ಲಿ ಮೇಲಿನ ಮಹಡಿಯ ಮನೆಯೊಂದು ಸಿಕ್ಕಿತು. ಒಟ್ಟು ಹದಿನೆಂಟು ಮನೆ, ಅಲ್ಲಿದ್ದವರದ್ದೇ ಸಹಕಾರ ಸಂಘ. ಸಂಘ ಇದೆಯಲ್ಲ, ಎಲ್ಲ ಸರಿ ಇರುತ್ತದೆ ಅಂದುಕೊಂಡೆ. ಎಡವಿದ್ದು ಅಲ್ಲೇ.

ಮನೆ ನೋಡಿದ್ದು ಫೆಬ್ರವರಿಯಲ್ಲಿ. ಹೊಸ ಪೇಂಟಿನ ವಾಸನೆ ಇನ್ನೂ ಹೋಗಿರಲಿಲ್ಲ. ಕಿಟಕಿ ತೆಗೆದರೆ ಸಮುದ್ರದ ಗಾಳಿ. ವಕೀಲರಿಗೆ ಕಾಗದ ತೋರಿಸಿದೆ, ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿದೆ. ಇಸಿಯಲ್ಲಿ ಯಾವ ಸಾಲವೂ ಇರಲಿಲ್ಲ. ಆದರೆ ಅದರಲ್ಲಿ ಬರುವುದು ನೋಂದಣಿಯಾದ ವ್ಯವಹಾರ ಮಾತ್ರ. ಮಾರುವವರು ನಾಲ್ಕು ವರ್ಷದಿಂದ ಸಂಘಕ್ಕೆ ಮೇಂಟೆನೆನ್ಸ್ ಕೊಟ್ಟಿಲ್ಲ ಅನ್ನುವುದು ಅದರಲ್ಲಿ ಹೇಗೆ ಬರಬೇಕು? ಸಂಘದಲ್ಲಿ ಆ ಮನೆಗಿರುವ ಸದಸ್ಯತ್ವದ ಷೇರು ನನ್ನ ಹೆಸರಿಗೆ ಮಾಡಿಸಲು ಹೋದಾಗ ಕಾರ್ಯದರ್ಶಿ ಲೆಕ್ಕ ಮುಂದಿಟ್ಟರು. ತಿಂಗಳಿಗೆ 1,200ರಂತೆ 57,600 ರೂಪಾಯಿ. ಬಾಕಿ ತೀರದೆ ಷೇರು ವರ್ಗಾವಣೆ ಇಲ್ಲ ಅಂದರು. ಮಾರಿದವರು ಫೋನ್ ಎತ್ತಲಿಲ್ಲ. ನಾನೇ ಕಟ್ಟಿದೆ.

ಅಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಜೂನ್ ಬಂತು. ಇಲ್ಲಿಯ ಮಳೆ ನಿಮಗೆ ಗೊತ್ತಲ್ವಾ, ವಾರಗಟ್ಟಲೆ ಬಿಡುವೇ ಇಲ್ಲ. ಮೊದಲು ಸೂರಿನಲ್ಲಿ ಕಂದು ಕಲೆ, ಆಮೇಲೆ ಹನಿ. ಜುಲೈಯಲ್ಲಿ ಒಂದು ರಾತ್ರಿ ಅಂಗೈಯಗಲದ ಸಿಮೆಂಟ್ ತುಂಡು ಮಂಚದ ಪಕ್ಕವೇ ಬಿತ್ತು. ಒಳಗೆ ನೋಡಿದರೆ ಸರಳು ತುಕ್ಕು ಹಿಡಿದು ಪದರ ಪದರವಾಗಿ ಏಳುತ್ತಿತ್ತು. ಎಂಜಿನಿಯರ್ ಬಂದು ವಿವರಿಸಿದರು: ಉಪ್ಪುಗಾಳಿ ಮತ್ತು ತೇವ ಕಾಂಕ್ರೀಟಿನೊಳಗೆ ಇಳಿದು ಕಬ್ಬಿಣ ತಿನ್ನುತ್ತವೆ, ತುಕ್ಕು ಉಬ್ಬಿದ ಹಾಗೆ ಕಾಂಕ್ರೀಟ್ ಸೀಳಿ ಉದುರುತ್ತದೆ. ಪುಟ್ಟಿ, ಪೇಂಟ್ ಬಳಿದರೆ ಒಂದು ಬೇಸಿಗೆ ಮಾತ್ರ ಮುಚ್ಚಿಡಬಹುದು. ಊರಲ್ಲಿ ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುವುದನ್ನು ನೋಡಿಕೊಂಡೇ ಬೆಳೆದ ನಾನು, ಇಲ್ಲಿ ತಾರಸಿ ಹತ್ತಿ ಕೂಡ ನೋಡಿರಲಿಲ್ಲ!

ಕೆಳಗಿನ ಮನೆಯ ಹಿರಿಯರು ನಕ್ಕರು. "ಫೆಬ್ರವರೀಲಿ ನೋಡಿ ತಗೊಂಡ್ರಾ? ಜುಲೈನಲ್ಲಿ ಬರ್ಬೇಕಿತ್ತು ಮಾರಾಯ್ರೆ."

ಆಗ ಸಂಘದ ಸಭೆಯ ಮಾತು, ತೀರ್ಮಾನ ಬರೆದಿಡುವ ನಡಾವಳಿ ಪುಸ್ತಕ ಕೇಳಿ ಓದಿದೆ. ನಾನು ಕೊಳ್ಳುವ ಎಂಟು ತಿಂಗಳ ಮೊದಲೇ ಅದರಲ್ಲಿ ಎಲ್ಲ ಇತ್ತು. ದುರಸ್ತಿ ಅಂದಾಜು 36 ಲಕ್ಷ, ಮನೆಗೆ ಎರಡು ಲಕ್ಷ. ಸಂಘದ ಖಾತೆಯಲ್ಲಿದ್ದದ್ದು 41,000. ಐದು ಮನೆಯವರು ಮೇಂಟೆನೆನ್ಸ್ ಕೊಡುವುದನ್ನೇ ಬಿಟ್ಟಿದ್ದರು. ಆ ಸಭೆಗೆ ಸಹಿ ಹಾಕಿದವರಲ್ಲಿ ನನಗೆ ಮನೆ ಮಾರಿದವರೂ ಇದ್ದರು. ಸಿಟ್ಟು ಬಂದಿದ್ದು ಇದಕ್ಕೇ.

ನೀವು ಹೀಗೆ ಮಾಡಿ. ಮಾರುವವರ ಮೂಲಕ ಸಂಘದಿಂದ ಬಾಕಿ ಇಲ್ಲವೆಂಬ ಪತ್ರ ತರಿಸಿ. ಮೂರು ವರ್ಷದ ನಡಾವಳಿ ಮತ್ತು ಆಡಿಟ್ ವರದಿ ಕೇಳಿ. ಸಹಕಾರ ಸಂಘದ ಲೆಕ್ಕ ವರ್ಷ ವರ್ಷ ಆಡಿಟ್ ಆಗಲೇಬೇಕು, "ಈ ವರ್ಷದ್ದು ಆಗಿಲ್ಲ" ಅಂದರೆ ಅಲ್ಲೇ ಅನುಮಾನ ಪಡಿ. ಕಟ್ಟಡ ನಿಂತ ಜಾಗ ಸಂಘದ ಹೆಸರಿಗೆ ಆಗಿದೆಯೋ ಇಲ್ಲವೋ ನೋಡಿ. ನಮ್ಮದು ಇನ್ನೂ ಹಳೆ ಜಮೀನುದಾರರ ಹೆಸರಲ್ಲೇ ಇದೆ, ಅದು ಬೇರೆಯೇ ತಲೆನೋವು. ತಾರಸಿ ಹತ್ತಿ, ನೀರಿನ ಟಾಂಕಿಯ ಕೆಳಗೆ ಬಗ್ಗಿ ನೋಡಿ. ಪಿಲ್ಲರ್, ಸೂರನ್ನು ಬೆರಳ ಗೆಣ್ಣಿನಿಂದ ತಟ್ಟಿ, ಟೊಳ್ಳು ಸದ್ದು ಬಂದರೆ ಎಂಜಿನಿಯರ್ ಕರೆಸಿ. ಆಗುವುದಾದರೆ ಒಂದು ಮಳೆಗಾಲ ಕಾಯಿರಿ. ಬ್ರೋಕರ್ "ಬೇರೆ ಪಾರ್ಟಿ ರೆಡಿ ಇದೆ" ಅನ್ನುತ್ತಾನೆ. ಇರಲಿ ಬಿಡಿ.

ಹೋದ ವಾರ ನಮ್ಮ ಎದುರು ಮನೆಗೂ ಪೇಂಟ್ ಹೊಡೆಸಿದರು. ಭಾನುವಾರ ನೋಡಲು ಬಂದ ಗಂಡ ಹೆಂಡತಿಗೆ ಮೆಟ್ಟಿಲ ಮೇಲೆ ನಡಾವಳಿ ಪುಸ್ತಕದ ವಿಷಯ ಹೇಳಿದೆ. ಅಂದಿನಿಂದ ಎದುರು ಮನೆಯವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ.