ಮರಿ ತರಿಸಿದೆ, ಸಂತೇಲಿ ಕೊಂಡೆ, ಕೊನೆಗೆ ಮೊಟ್ಟೆ ಕೂರಿಸಿದೆ

ಹಿತ್ತಲಲ್ಲಿ ಕಡಕ್‌ನಾಥ್, ಅಂದರೆ ಜುಟ್ಟು, ಚರ್ಮ, ಕಾಲು ಎಲ್ಲಾ ಕಪ್ಪಗಿರೋ ಕೋಳಿ, ಸಾಕಬೇಕು ಅಂತ ಆಸೆ ಇರೋರಿಗೆ ನನ್ನ ಮಾತು ಇಷ್ಟೇ: ಮರಿ ತರಿಸಬೇಡಿ. ಮೊದಲು ಕಾವು ಕೂರೋ ಒಂದು ನಾಟಿ ಹ್ಯಾಟೆ (ಹೆಣ್ಣು ಕೋಳಿ) ತನ್ನಿ, ಆಮೇಲೆ ಅದರಡಿ ಇಡೋಕೆ ಮೊಟ್ಟೆ ಹುಡುಕಿ. ಈ ಬುದ್ಧಿ ನನಗೆ ಬರೋಕೆ 14 ತಿಂಗಳು ಹಿಡೀತು, ಪಕ್ಕದ ಮನೆ ಮೇಷ್ಟ್ರ ಜೊತೆ ಒಂದು ಜಗಳವೂ ಆಯ್ತು.

ನಮ್ಮದು ತುಮಕೂರಿನ ಕ್ಯಾತ್ಸಂದ್ರದ ಕಡೆ ಸಣ್ಣ ಮನೆ. ಹಿಂದೆ ಒಂದು ನುಗ್ಗೆ ಮರ, ಬಟ್ಟೆ ಒಗೆಯೋ ಕಲ್ಲು, ಹತ್ತು ಕೋಳಿ ಕೆದಕಿಕೊಂಡಿರೋಷ್ಟು ಜಾಗ. ಬೆಳಿಗ್ಗೆ ಎಂಟೂವರೆಗೆ ಕೆಲಸಕ್ಕೆ ಹೊರಟರೆ ವಾಪಸ್ ಬರೋದು ಸಂಜೆ ಆರಕ್ಕೆ. ನೂರಾರು ಕೋಳಿ ಶೆಡ್ಡಿನಲ್ಲಿ ಸಾಕೋರಿಗೆ ನನ್ನ ಲೆಕ್ಕ ಹೊಂದಲ್ಲ.

ಮೊದಲು ಮಾಡಿದ್ದು ಎಲ್ಲರೂ ಮಾಡೋ ಕೆಲಸವೇ. ಫೋನಿನಲ್ಲಿ ಫೋಟೋ ನೋಡಿ, ದುಡ್ಡು ಹಾಕಿ, 12 ಮರಿ ತರಿಸಿದೆ. ಒಂದಕ್ಕೆ 90 ರೂಪಾಯಿ, ಬಸ್ಸಿನ ಪಾರ್ಸೆಲ್‌ಗೆ 150. ರಟ್ಟಿನ ಡಬ್ಬಿ ಬಿಚ್ಚಿದಾಗಲೇ ಎರಡು ತಣ್ಣಗಾಗಿದ್ದವು. ಮೊದಲ ವಾರ ಮರಿಗೆ ಸುಮಾರು 35 ಡಿಗ್ರಿ ಶಾಖ ಬೇಕು, ನಾನು ಬಲ್ಬ್ ಕಟ್ಟಿದ್ದೆ, ಮೂರನೇ ರಾತ್ರಿ ಕರೆಂಟ್ ಹೋಯ್ತು. ಬೆಳಿಗ್ಗೆ ನೋಡಿದರೆ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದಿದ್ದವು, ಅಡಿಯಲ್ಲಿ ಸಿಕ್ಕ ಇನ್ನೆರಡು ಸತ್ತಿದ್ದವು. ಇಲ್ಲಿವರೆಗೆ ತಪ್ಪು ನಂದೇ ಅಂತ ಒಪ್ಕೋತೀನಿ.

ಆದರೆ ಮುಂದಿನದು ನನ್ನ ತಪ್ಪಲ್ಲ. ಉಳಿದ ಎಂಟು ಮರಿ ಚೆನ್ನಾಗೇ ಬೆಳೆದವು. ಎರಡು ತಿಂಗಳಿಗೆ ಒಂದರ ಜುಟ್ಟು ಕೆಂಪಾಗತೊಡಗಿತು, ಆಮೇಲೆ ಇನ್ನೊಂದು, ಮತ್ತೊಂದು. ಫೋನ್ ಮಾಡಿದರೆ ಆ ಪುಣ್ಯಾತ್ಮ, "ಬಿಸಿಲಿಗೆ ಹಂಗೇ ಮೇಡಂ, ಮಳೆಗಾಲಕ್ಕೆ ಕಪ್ಪಾಗ್ತವೆ" ಅಂದ. ಕೋಳಿ ಜುಟ್ಟೇನು ಮಾವಿನ ಹಣ್ಣಾ, ಕಾಲಕ್ಕೊಂದು ಬಣ್ಣ ತಿರುಗೋಕೆ?

ಒಂದೊಂದನ್ನೇ ಹಿಡಿದು ಕೊಕ್ಕು ಬಿಡಿಸಿ ನೋಡಿದೆ. ಅಸಲಿ ಕಡಕ್‌ನಾಥ್‌ನ ನಾಲಿಗೆ ಕಪ್ಪು ಇಲ್ಲಾ ಬೂದಿ ಬಣ್ಣ ಇರಬೇಕು. ರೆಕ್ಕೆ ಎತ್ತಿ ಪುಕ್ಕ ಸರಿಸಿದರೆ ಕಾಣೋ ಚರ್ಮವೂ ಕಪ್ಪು, ಕಾಲೂ ಕಪ್ಪು. ನನ್ನ ಎಂಟರಲ್ಲಿ ಆರರ ನಾಲಿಗೆ ನಮ್ಮ ನಾಟಿ ಕೋಳಿ ಹಾಗೇ ತಿಳಿ ಗುಲಾಬಿ. ಆ ಕಪ್ಪು ಗುಣ ಬಲವಾದದ್ದು, ಬೆರಕೆ ಆದರೂ ಮರಿ ಎಷ್ಟೋ ಸಲ ಕಪ್ಪಾಗೇ ಹುಟ್ಟುತ್ತೆ, ಬೆಳೀತಾ ಬಣ್ಣ ಬಿಡುತ್ತೆ. ಒಂದು ದಿನದ ಮರಿಯ ಫೋಟೋ ನೋಡಿ ಕೊಂಡರೆ ನಿಮಗೂ ಇದೇ ಗತಿ.

ಇನ್ನೊಂದು ಪೆಟ್ಟು: ಎಂಟರಲ್ಲಿ ಐದು ಹುಂಜ. ನಾಲಿಗೆ ಕಪ್ಪಿದ್ದ ಎರಡೂ ಹುಂಜವೇ! ಆ ವಯಸ್ಸಿನಲ್ಲಿ ಗಂಡೋ ಹೆಣ್ಣೋ ನಮ್ಮಂಥೋರಿಗೆ ಗೊತ್ತಾಗಲ್ಲ, ಮಾರೋರು ಬೆರೆಸಿಯೇ ಕೊಡ್ತಾರೆ. ಐದು ಹುಂಜ ಬೆಳಗಿನ ಜಾವ ನಾಲ್ಕಕ್ಕೇ ಪೈಪೋಟಿ ಮೇಲೆ ಕೂಗಿದರೆ ಬೀದಿಯಲ್ಲಿ ಯಾರಿಗೆ ನಿದ್ದೆ? ಮೇಷ್ಟ್ರು ಕಾಂಪೌಂಡ್ ಮೇಲಿಂದ ಇಣುಕಿ, "ಏನಮ್ಮಾ, ನಿಮ್ಮನೆ ಕೋಳಿ ಕೂಗಿದ್ರೇನೇ ಬೆಳಗಾಗೋದು ಅಂದ್ಕೊಂಡಿದ್ದೀಯಾ?" ಅಂದರು. ನಾನೂ ಏನೋ ಅಂದೆ. ಒಂದು ತಿಂಗಳು ಮಾತಿರಲಿಲ್ಲ. ನಾಲ್ಕು ಹುಂಜ ಸಾರಿಗೆ ಹೋದವು, ಮೇಷ್ಟ್ರ ಮನೆಗೂ ಒಂದು ಡಬ್ಬಿ ಹೋಯ್ತು.

ಆಗ ಆಫೀಸಿನಲ್ಲಿ ಎಲ್ಲರೂ ಗಿರಿರಾಜ ತಗೋ ಅಂದರು. ಒಳ್ಳೆ ಕೋಳಿಯೇ, ಬೇಗ ಮೈ ತುಂಬುತ್ತೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು 1989ರಲ್ಲಿ ಬಿಟ್ಟ ತಳಿ. ಆದರೆ ಮಿಶ್ರತಳಿ ಆದ್ದರಿಂದ ಅದರ ಮೊಟ್ಟೆಯಿಂದ ಬರೋ ಮರಿ ಅದೇ ಗುಣ ಉಳಿಸ್ಕೊಳ್ಳಲ್ಲ, ಕಾವಿಗೂ ಕೂರಲ್ಲ. ಪ್ರತಿ ಸಲ ಕೊಂಡೇ ತರಬೇಕು. ನನಗೆ ಬೇಡ.

ಆಮೇಲೆ ಸಂತೆ. ಅಕ್ಕಿರಾಂಪುರದ ಸಂತೆ ಹೆಸರಾಗಿರೋದು ಕುರಿ ಮೇಕೆಗೆ, ಕೋಳಿ ಹಿಡ್ಕೊಂಡು ನಿಂತಿರೋರು ಅಂಚಿನಲ್ಲಿ ಸಿಕ್ಕರು. ಕಡಕ್‌ನಾಥ್ ಅಂತ ಒಬ್ಬರು ತೋರಿಸಿದ ಕೋಳಿಯ ಕೊಕ್ಕು ಬಿಡಿಸಿದೆ, ಕೈಮುಗಿದು ಮುಂದೆ ಹೋದೆ. ಕೊನೇಲಿ ಒಬ್ಬ ಅಜ್ಜಿಯ ಕಂಕುಳಲ್ಲಿ ಕಂದು ಬಣ್ಣದ ನಾಟಿ ಹ್ಯಾಟೆ.

"ಕಾವು ಕೂರ್ತದಾ ಅಜ್ಜೀ?"

"ಎಲ್ಡು ಸಲ ಮರಿ ಮಾಡೈತೆ ಕಣವ್ವ. ಎದೆ ಮುಟ್ಟಿ ನೋಡು, ತುಪ್ಪುಳ ಉದುರೈತೆ."

ಮುಟ್ಟಿದೆ. ಎದೆಯಡಿ ಅಂಗೈಯಗಲ ಬೋಳು, ಬೆಚ್ಚಗಿತ್ತು. 650 ರೂಪಾಯಿ, ಚೌಕಾಸಿ ಮಾಡೋಕೆ ಮನಸ್ಸು ಬರಲಿಲ್ಲ. ವಾಪಸ್ ಬರುವಾಗ ಸರ್ಕಾರಿ ಬಸ್ಸಿನಲ್ಲಿ ನನಗೆ ಶಕ್ತಿ ಯೋಜನೆ, ಕೋಳಿಗೆ ಅರ್ಧ ಟಿಕೆಟ್.

ಸಂತೆ ಕೋಳಿಗೆ ಒಂದೇ ಭಯ. ಊರಲ್ಲಿ ಕೊಕ್ಕರೆ ರೋಗ (ಕೋಳಿಯಿಂದ ಕೋಳಿಗೆ ಹರಡಿ ಸಾಯಿಸೋ ರಾಣಿಖೇತ್ ರೋಗ) ಕಾಣಿಸ್ಕೊಂಡ ತಕ್ಷಣ ಜನ ಇದ್ದಬದ್ದ ಕೋಳಿನೆಲ್ಲ ಸಂತೆಗೆ ಸಾಗಿಸ್ತಾರೆ. ಅದಕ್ಕೇ ಈ ಹ್ಯಾಟೆನ ಮೂರು ವಾರ ಮಂಕರಿ ಅಡಿ ಬೇರೆಯಾಗಿ ಇಟ್ಟೆ.

ಇನ್ನು ಮೊಟ್ಟೆ. ಮಧುಗಿರಿ ರಸ್ತೆಯ ಒಂದು ತೋಟದಲ್ಲಿ ಹುಂಜ, ಹ್ಯಾಟೆ ಎರಡನ್ನೂ ಹಿಡಿದು ನಾಲಿಗೆ ನೋಡಿದ ಮೇಲೇ ಹತ್ತು ಮೊಟ್ಟೆ ತಂದೆ, ಒಂದಕ್ಕೆ 30 ರೂಪಾಯಿ. (ಕಡಕ್‌ನಾಥ್ ಮೊಟ್ಟೆ ಕಪ್ಪಲ್ಲ, ತಿಳಿ ಕಂದು. ಕಪ್ಪು ಮೊಟ್ಟೆ ಫೋಟೋ ಕಳಿಸೋರನ್ನ ನಂಬಬೇಡಿ.) ವಾರಕ್ಕಿಂತ ಹಳೇದು ಬೇಡ, ಫ್ರಿಜ್ಜಲ್ಲಿ ಇಟ್ಟದ್ದಂತೂ ಬೇಡವೇ ಬೇಡ. ಮನೆಗೆ ತಂದು ಚೂಪು ತುದಿ ಕೆಳಗೆ ಮಾಡಿ ಒಂದು ರಾತ್ರಿ ಬಿಟ್ಟೆ.

ಹ್ಯಾಟೆ ಮೈ ಉಬ್ಬಿಸಿ ಲೊಕ್ ಲೊಕ್ ಅಂತ ಗೂಡು ಬಿಡದೆ ಕೂತ ಮೇಲೆ, ಕತ್ತಲಾದ ಹೊತ್ತಲ್ಲಿ ರಾಗಿ ಹುಲ್ಲಿನ ಮಂಕರಿಗೆ ಬದಲಾಯಿಸಿ ಮೊಟ್ಟೆ ಇಟ್ಟೆ. ನಮ್ಮತ್ತೆ ಗುಡುಗಿಗೆ ಮೊಟ್ಟೆ ಕೆಡುತ್ತೆ ಅಂತ ಒಂದು ಕಬ್ಬಿಣದ ಮೊಳೆ, ಒಂದು ಇದ್ದಿಲು ತಂದು ಪಕ್ಕದಲ್ಲಿ ಸಿಗಿಸಿದರು. ಏಳನೇ ರಾತ್ರಿ ಮೊಬೈಲ್ ಟಾರ್ಚ್ ಹಿಡಿದು ನೋಡಿದೆ: ಎಂಟರಲ್ಲಿ ಜೇಡನ ಕಾಲಿನಂಥ ಕೆಂಪು ನರ, ಎರಡು ಖಾಲಿ. 21ನೇ ದಿನ ಬೆಳಿಗ್ಗೆ ಏಳು ಮರಿ, ಒಂದು ಒಡೀಲಿಲ್ಲ. ಆಮೇಲೆ ಕರೆಂಟ್ ಎಷ್ಟು ಸಲ ಹೋಯ್ತೋ ನಾನು ಲೆಕ್ಕ ಇಡಲಿಲ್ಲ. ಹದ್ದು ಸುತ್ತಿದರೆ ಅವಳೇ ಕೂಗಿ ಮರಿಗಳನ್ನ ರೆಕ್ಕೆ ಅಡಿ ಎಳ್ಕೋತಿದ್ದಳು, ನಾನು ಆಫೀಸಲ್ಲಿ ನಿಶ್ಚಿಂತೆ. ಮೊದಲ ವಾರದಲ್ಲೇ ಕಣ್ಣಿಗೆ ಕೊಕ್ಕರೆ ರೋಗದ ಲಸಿಕೆ ಹನಿ ಬಿಡಿಸಿದ್ದಷ್ಟೇ ನನ್ನ ಕೆಲಸ.

ಇದರಲ್ಲೂ ಮೂರು ಹುಂಜ ಬಂದವು, ಆ ಲಾಟರಿ ಯಾವ ದಾರಿಯಲ್ಲೂ ತಪ್ಪಲ್ಲ. ಆದರೆ ನಾಲಿಗೆ ಏಳರದ್ದೂ ಕಪ್ಪು. ಖರ್ಚು ಹ್ಯಾಟೆ ಸೇರಿ 950. ಪಾರ್ಸೆಲ್‌ಗೆ ನಾನು ಸುರಿದದ್ದು ಮರಿ ಆಹಾರ, ಬಲ್ಬು ಬಿಟ್ಟೇ 1230. ಮೇಲಾಗಿ ಹ್ಯಾಟೆ ಇನ್ನೂ ನಂದೇ. ಹೋದ ವಾರ ಮತ್ತೆ ಕೂತಿದ್ದಾಳೆ.

ಈ ಸಲ ಅವಳಡಿ ಅಸೀಲ್ (ಕಾಳಗದ ಕೋಳಿ ತಳಿ) ಮೊಟ್ಟೆ ಇಡೋ ಆಸೆ. ಅಸೀಲ್ ಹ್ಯಾಟೆ ವರ್ಷಕ್ಕೆ ಇಡೋದೇ ಕಮ್ಮಿ, ಸಾಕಿದೋರು ಕೈಬಿಡಲ್ಲ. ಶಿರಾ ಕಡೆ ಒಬ್ಬರನ್ನ ಕೇಳಿದೆ. "ಮೊಟ್ಟೆ ಆಚೆ ಕೊಡಲ್ಲ ಅಕ್ಕಾ, ನಿಮ್ಮ ಹ್ಯಾಟೆನೇ ತಂದು ಇಲ್ಲಿ ಕೂರಿಸಿ, ಮರಿ ಆದ ಮೇಲೆ ಅರ್ಧ ತಗೊಂಡ್ ಹೋಗಿ" ಅಂದರು. ಭಾನುವಾರ ಹೊರಡೋಣ ಅಂತಿದ್ದೀನಿ. ಕಾವು ಕೆಡದಂಗೆ ಅವಳನ್ನ ಬಸ್ಸಲ್ಲಿ ಒಯ್ಯೋದು ಹೇಗೆ ಅನ್ನೋದೊಂದೇ ಯೋಚನೆ. ಅರ್ಧ ಟಿಕೆಟ್ಟಿಗೆ ಚಿಲ್ಲರೆ ಆಗಲೇ ತೆಗೆದಿಟ್ಟಿದ್ದೀನಿ.