ಮುಂದಿನ ಆರು ಹಲ್ಲಿಗೆ ವೆನೀರ್: ಏಳು ವರ್ಷ ಬಳಸಿದ ಮೇಲೆ

ನಾನು ಹುಟ್ಟಿ ಬೆಳೆದದ್ದು ಪಾವಗಡದ ಹತ್ತಿರದ ಒಂದು ಹಳ್ಳಿಯಲ್ಲಿ. ಕುಡಿದದ್ದು ಬೋರ್‌ವೆಲ್ ನೀರು. ಆ ಕಡೆಯವರಿಗೆ ಇಷ್ಟು ಹೇಳಿದರೆ ಸಾಕು, ನನ್ನ ಹಲ್ಲು ಹೇಗಿತ್ತು ಅಂತ ಗೊತ್ತಾಗುತ್ತದೆ. ಮೇಲಿನ ಸಾಲಿನ ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಪಟ್ಟೆ, ಅಲ್ಲಲ್ಲಿ ಸಣ್ಣ ಸಣ್ಣ ಗುಳಿ. ಕಾರಣ ನೀರಿನಲ್ಲಿರುವ ಫ್ಲೋರೈಡ್ ಅನ್ನುವ ಲವಣ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಪರವಾಗಿಲ್ಲ ಅಂತ ಲೆಕ್ಕ. ಹಲ್ಲು ಇನ್ನೂ ವಸಡಿನೊಳಗೆ ಬೆಳೆಯುತ್ತಿರುವ ವಯಸ್ಸಿನಲ್ಲಿ ಅದಕ್ಕಿಂತ ಜಾಸ್ತಿ ಇರುವ ನೀರು ಕುಡಿಯುತ್ತಾ ಬಂದರೆ ಕಲೆ ಹಲ್ಲಿನ ಜೊತೆಗೇ ಹುಟ್ಟುತ್ತದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ಮದುವೆಯಾಗಿ ತೀರ್ಥಹಳ್ಳಿಗೆ ಬಂದೆ. ಗಂಗಾ ಸ್ನಾನ, ತುಂಗಾ ಪಾನ ಅನ್ನುತ್ತಾರಲ್ವಾ, ಆ ತುಂಗೆಯ ದಡದ ಊರು. ಆದರೆ ಹಳೆಯ ನೀರಿನ ಗುರುತನ್ನು ಹೊಸ ನೀರು ಅಳಿಸುವುದಿಲ್ಲ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ, ಇಡೀ ದಿನ ಮಕ್ಕಳ ಎದುರು ಮಾತಾಡುವ ಕೆಲಸ. ವರ್ಷಗಟ್ಟಲೆ ಸೆರಗನ್ನೋ ಕೈಯನ್ನೋ ಅಡ್ಡ ಹಿಡಿದೇ ನಕ್ಕಿದ್ದೇನೆ. ಮದುವೆಯ ಆಲ್ಬಮ್ಮಿನಲ್ಲಿ ಒಂದೇ ಒಂದು ಫೋಟೋದಲ್ಲೂ ನನ್ನ ಹಲ್ಲು ಕಾಣುವುದಿಲ್ಲ. ಅದಕ್ಕೇ, ವೆನೀರ್ (ಹಲ್ಲಿನ ಮುಂಭಾಗವನ್ನು ತುಸು ಅರೆದು ಅದರ ಮೇಲೆ ಅಂಟಿಸುವ, ಪಿಂಗಾಣಿಯಂಥ ವಸ್ತುವಿನ ತೆಳು ಹೊದಿಕೆ) ಅಂದರೆ ಬರೀ ಶೋಕಿ ಅಂತ ಯಾರಾದರೂ ಅಂದರೆ ನನಗೆ ನಿಜವಾಗಿ ನೋವಾಗುತ್ತದೆ.

2017ರ ಕೊನೆಯಲ್ಲಿ ಶಿವಮೊಗ್ಗದ ಒಂದು ಕ್ಲಿನಿಕ್ಕಿಗೆ ಹೋದೆ. ಬಾಯಿ ನೋಡಿ ಐದು ನಿಮಿಷವಾಗಿರಲಿಲ್ಲ, ಹತ್ತು ಹಲ್ಲು ಮಾಡಿಸಿ, ನಾಳೆಯೇ ಶುರು ಮಾಡೋಣ ಅಂದರು. ಸುಣ್ಣ ಬಳಿದಂಥ ಬಿಳಿ ಹಲ್ಲುಗಳ ಫೋಟೋ ತೋರಿಸಿದರು. ಎಷ್ಟು ಅರೆಯುತ್ತೀರಿ, ಎಷ್ಟು ವರ್ಷ ಬರುತ್ತದೆ ಅಂತ ಕೇಳಿದರೆ ಸರಿಯಾದ ಉತ್ತರ ಇಲ್ಲ. ಐದು ಸಾವಿರ ಅಡ್ವಾನ್ಸ್ ಕಟ್ಟಿ ಬಂದಿದ್ದೆ. ರಾತ್ರಿಯಿಡೀ ಯೋಚನೆ ಮಾಡಿ ಬೆಳಿಗ್ಗೆ ಬೇಡ ಅಂದೆ. ದುಡ್ಡು ವಾಪಸ್ ಬರಲಿಲ್ಲ. ಆ ಬೇಸರ ಇನ್ನೂ ಇದೆ, ಆದರೆ ಹಲ್ಲು ಉಳಿಯಿತು.

ಆಮೇಲೆ ಹೋದದ್ದು ಶಿವಮೊಗ್ಗದ್ದೇ ದುರ್ಗಿಗುಡಿಯಲ್ಲಿರುವ ಒಬ್ಬ ಲೇಡಿ ಡಾಕ್ಟರ್ ಹತ್ತಿರ. ಅವರು ಮೊದಲ ದಿನ ಹೇಳಿದ ಮಾತು ಇದು: "ಮೇಡಂ, ಅರೆದ ಎನಾಮೆಲ್, ಅಂದ್ರೆ ಹಲ್ಲಿನ ಗಟ್ಟಿ ಮೇಲ್ಪದರ, ಮತ್ತೆ ಬೆಳೆಯಲ್ಲ. ಈ ವೆನೀರ್ ಹಳೇದಾದ ಮೇಲೆ ಇನ್ನೊಂದು ಹಾಕಿಸಲೇಬೇಕು. ತೆಗೆಸಿ ಮೊದಲಿನ ಹಾಗೇ ಇರ್ತೀನಿ ಅನ್ನೋಕಾಗಲ್ಲ. ಮನೇಲಿ ಮಾತಾಡ್ಕೊಂಡು ಬನ್ನಿ." ವೆನೀರ್ ಮಾಡಿಸಬೇಕು ಅನ್ನುವ ಎಲ್ಲರಿಗೂ ನಾನು ಇವತ್ತಿಗೂ ಮೊದಲು ಹೇಳುವುದು ಇದನ್ನೇ.

ಮನೆಯಲ್ಲಿ ಹೇಳಿದಾಗ ಅತ್ತೆಗೆ ಸಂಕಟ. "ಗಟ್ಟಿ ಹಲ್ಲನ್ನ ಯಾಕೆ ಅರೆಸ್ತೀಯೇ ಮಾರಾಯ್ತಿ, ಚೆನ್ನಾಗೇ ಇದೀಯಲ್ಲ" ಅಂದರು. ಅವರ ಮಾತಿನಲ್ಲಿ ಸತ್ಯ ಇತ್ತು. ಹಾಗಾಗಿ ಮೊದಲು ಅರೆಯದೆ ಆಗುವ ಕೆಲಸ ಮಾಡಿಸಿದೆ. ಮೇಲ್ಪದರವನ್ನು ಒಂದು ಥರದ ಪೇಸ್ಟ್ ಹಾಕಿ ತೆಳುವಾಗಿ ಉಜ್ಜಿದರು, ಆಮೇಲೆ ಬ್ಲೀಚ್. ಕಲೆ ತೆಳುವಾಗಿದ್ದವರಿಗೆ ಇಷ್ಟರಲ್ಲೇ ಮುಗಿಯುತ್ತದೆ. ನನ್ನ ಕೆಳಗಿನ ಹಲ್ಲುಗಳಿಗೆ ಇದೇ ಸಾಕಾಯಿತು. ಮೇಲಿನ ಆರಕ್ಕೆ ಸಾಕಾಗಲಿಲ್ಲ, ಪಟ್ಟೆ ಆಳದಲ್ಲಿತ್ತು.

2018ರ ಫೆಬ್ರವರಿಯಲ್ಲಿ ಅಡಿಕೆ ಸುಗ್ಗಿ ಮುಗಿದ ಮೇಲೆ ಕೆಲಸ ಶುರು. ಮೊದಲು ಹಲ್ಲಿನ ಅಚ್ಚು ತೆಗೆದು, ಅದರ ಮೇಲೆ ಮೇಣದಲ್ಲಿ ಹೊಸ ಆಕಾರ ಮಾಡಿ, ಅದನ್ನೇ ನನ್ನ ಬಾಯಿಯಲ್ಲಿ ತಾತ್ಕಾಲಿಕವಾಗಿ ಕೂರಿಸಿ ತೋರಿಸಿದರು. "ಐವತ್ತರಿಂದ ಅರವತ್ತರವರೆಗೆ ಎಣಿಸಿ" ಅಂದರು. ಎಣಿಸಿದೆ. ವ ಅನ್ನುವಾಗ ಮೇಲಿನ ಹಲ್ಲಿನ ಅಂಚು ಕೆಳತುಟಿಗೆ ತಾಗಬೇಕು. ಹಲ್ಲು ಉದ್ದವಾದರೆ ಐವತ್ತು ಅನ್ನುವಾಗಲೇ ಒತ್ತುತ್ತದೆ. ನನಗೆ ಒತ್ತಿತು. ಅಂಚನ್ನು ಒಂದಿಷ್ಟು ಕಮ್ಮಿ ಮಾಡಿದರು, ಮತ್ತೆ ಎಣಿಸಿದೆ, ಸರಿಯಾಯಿತು. ಪಾಠ ಮಾಡುವವಳಿಗೆ ಈ ಹತ್ತು ನಿಮಿಷ ಎಷ್ಟು ದೊಡ್ಡದು ಅಂತ ಬೇರೆ ಹೇಳಬೇಕಿಲ್ಲ. ಹೀಗೆ ಟ್ರಯಲ್ ತೋರಿಸದೆ ಅರೆಯಲು ಬಂದರೆ ಎದ್ದು ಬನ್ನಿ.

ಬಣ್ಣ ಆರಿಸಿದ್ದು ಇನ್ನೂ ಚೆನ್ನಾಗಿ ನೆನಪಿದೆ. ಹಲ್ಲಿನ ಬಣ್ಣದ ಹದಿನಾರು ಮಾದರಿಗಳ ಒಂದು ಪಟ್ಟಿ ಇರುತ್ತದೆ. ಡಾಕ್ಟರ್ ನನ್ನನ್ನು ಕುರ್ಚಿಯಿಂದ ಎಬ್ಬಿಸಿ ಕಿಟಕಿ ಹತ್ತಿರ ಕರೆದುಕೊಂಡು ಹೋದರು. ಟ್ಯೂಬ್‌ಲೈಟಿನಲ್ಲಿ ಒಂದು ಥರ, ಹಗಲ ಬೆಳಕಿನಲ್ಲಿ ಇನ್ನೊಂದು ಥರ ಕಾಣುತ್ತದಂತೆ. ಕೆಲಸ ಶುರುವಾಗುವ ಮೊದಲೇ, ಹಲ್ಲು ಒದ್ದೆ ಇರುವಾಗಲೇ ನೋಡಬೇಕು, ಒಣಗಿದರೆ ಇದ್ದದ್ದಕ್ಕಿಂತ ಬಿಳಿ ಕಾಣುತ್ತದೆ. ಮಾದರಿಗಳನ್ನು ಒಂದೊಂದಾಗಿ ತುಟಿಯ ಪಕ್ಕ ಹಿಡಿದು, ಕನ್ನಡಿ ಕೈಗೆ ಕೊಟ್ಟು, ನೀವೇ ಹೇಳಿ ಅಂದರು. ಎ1 ಅನ್ನುವ ಮಾದರಿ ಆಸೆ ಹುಟ್ಟಿಸುವಷ್ಟು ಬಿಳಿ. ಆದರೆ ನನ್ನ ಮೈಬಣ್ಣಕ್ಕೆ, ಕೆಳಗಿನ ಹಲ್ಲಿಗೆ ಹೊಂದಿದ್ದು ಎ2. ಅದನ್ನೇ ಆರಿಸಿದೆ. ಏಳು ವರ್ಷದಲ್ಲಿ ಹೊಸಬರು ಯಾರೂ ಇದು ಹಾಕಿಸಿದ ಹಲ್ಲಾ ಅಂತ ಕೇಳಿಲ್ಲ. ಇಷ್ಟು ನೆನಪಿಡಿ: ಪಿಂಗಾಣಿ ವೆನೀರಿಗೆ ಆಮೇಲೆ ಬ್ಲೀಚ್ ಹತ್ತುವುದಿಲ್ಲ. ಬೇರೆ ಹಲ್ಲಿಗೆ ಬ್ಲೀಚ್ ಮಾಡಿಸುವುದಿದ್ದರೆ ಮೊದಲೇ ಮುಗಿಸಬೇಕು.

ಅರೆದದ್ದು ಸುಮಾರು ಅರ್ಧ ಮಿಲಿಮೀಟರ್. ಅಂದರೆ ಉಗುರಿನಷ್ಟು ದಪ್ಪ. ಸೂಜಿ ಕೊಟ್ಟಿದ್ದರಿಂದ ನೋವಾಗಲಿಲ್ಲ. ನಿಜವಾದ ಕಷ್ಟ ಆಮೇಲಿನ ಎರಡು ವಾರ. ಬೆಂಗಳೂರಿನ ಲ್ಯಾಬಿನಿಂದ ವೆನೀರ್ ಬರುವವರೆಗೆ ತಾತ್ಕಾಲಿಕ ಪ್ಲಾಸ್ಟಿಕ್ ಹಲ್ಲು. ಬೆಳಿಗ್ಗೆ ಬಾಯಿ ಮುಕ್ಕಳಿಸಲು ತಣ್ಣೀರು ಹಾಕಿದರೆ ಝುಂ ಅನ್ನುತ್ತಿತ್ತು. ಕೂರಿಸುವ ದಿನ ಹಲ್ಲಿನ ಮೇಲೆ ಆಸಿಡ್ ಜೆಲ್ ಹಚ್ಚಿ ತೊಳೆದು, ಅಂಟು ಹಾಕಿ, ನೀಲಿ ಬೆಳಕು ಹಿಡಿದು ಗಟ್ಟಿ ಮಾಡುತ್ತಾರೆ. ಫ್ಲೋರೈಡ್ ಹಲ್ಲಿಗೆ ಆಸಿಡ್ ಬೇಗ ಹತ್ತುವುದಿಲ್ಲವಂತೆ, ಅದಕ್ಕೇ ನನಗೆ ಜಾಸ್ತಿ ಹೊತ್ತು ಬಿಟ್ಟರು. ಪಾವಗಡ, ಕೋಲಾರದ ಕಡೆಯವರು ಇದನ್ನು ಡಾಕ್ಟರ್ ಹತ್ತಿರ ಮೊದಲೇ ಹೇಳಿ.

ಖರ್ಚು ಹಲ್ಲಿಗೆ ಒಂಬತ್ತು ಸಾವಿರದ ಲೆಕ್ಕದಲ್ಲಿ 54,000. ಕಾಂಪೋಸಿಟ್ (ಹಲ್ಲಿನ ಬಣ್ಣದ, ಪ್ಲಾಸ್ಟಿಕ್ ಥರದ ವಸ್ತು) ಆಗಿದ್ದರೆ ಮೂರನೇ ಒಂದು ಭಾಗದಲ್ಲಿ ಆಗುತ್ತಿತ್ತು, ಆದರೆ ಅದಕ್ಕೆ ಕಾಫಿ ಕಲೆ ಬೇಗ ಹಿಡಿಯುತ್ತದೆ, ಆಯಸ್ಸೂ ಕಮ್ಮಿ. ನಮ್ಮ ಮನೆಯಲ್ಲಿ ದಿನಕ್ಕೆ ಮೂರು ಸಲ ಕಾಫಿ. ಪಿಂಗಾಣಿಯೇ ಸರಿ ಅನ್ನಿಸಿತು. ಅದು ಚೆನ್ನಾಗಿ ನೋಡಿಕೊಂಡರೆ ಹತ್ತು ಹದಿನೈದು ವರ್ಷ ಬರುತ್ತದೆ. ಈಗಲೂ ಮೇಲ್ಮೈ ಅದೇ ಹೊಳಪಿನಲ್ಲಿದೆ, ಕಾಫಿಯ ಕಲೆ ಇಲ್ಲ, ಅರಿಶಿನದ್ದೂ ಇಲ್ಲ.

ತೊಂದರೆ ಆಗಲೇ ಇಲ್ಲ ಅಂತಲ್ಲ. 2020ರ ಏಪ್ರಿಲ್, ಲಾಕ್‌ಡೌನ್. ದೇವರಿಗೆ ಹೂ ಕಟ್ಟುತ್ತಾ ಕೂತವಳು ಅಭ್ಯಾಸಬಲದಿಂದ ದಾರವನ್ನು ಹಲ್ಲಲ್ಲೇ ಕಚ್ಚಿ ಎಳೆದೆ. ಟಕ್ ಅಂತ ಒಂದು ವೆನೀರ್ ಕಳಚಿ ಮಲ್ಲಿಗೆ ಬುಟ್ಟಿಗೆ ಬಿತ್ತು. ಹೂವಿನ ಮಧ್ಯೆ ಹುಡುಕಿ ತೆಗೆದೆ. ಪುಣ್ಯಕ್ಕೆ ಒಡೆದಿರಲಿಲ್ಲ. ಮನೆಯವರು ಅಂಗಡಿ ಅಂಟು ಹಾಕೋಣ ಅಂದರು. ಡಾಕ್ಟರ್ ಫೋನಿನಲ್ಲೇ ಖಡಾಖಂಡಿತ ಬೇಡ ಅಂದರು. ಕುಂಕುಮದ ಡಬ್ಬಿ ತೊಳೆದು ಒರೆಸಿ, ಹತ್ತಿ ಇಟ್ಟು, ಅದರಲ್ಲಿ ಒಂದು ತಿಂಗಳಿಗಿಂತ ಜಾಸ್ತಿ ಕಾಪಾಡಿದೆ. ಬಸ್ಸು ಶುರುವಾದ ಮೇಲೆ ಹೋದಾಗ ಅದನ್ನೇ ಶುಚಿ ಮಾಡಿ ಮತ್ತೆ ಅಂಟಿಸಿದರು. ಇವತ್ತಿಗೂ ಗಟ್ಟಿಯಾಗಿದೆ.

ಆಮೇಲೆ ಹಲ್ಲನ್ನು ಹತ್ಯಾರದ ಹಾಗೆ ಬಳಸುವುದನ್ನು ಬಿಟ್ಟೆ. ಕಬ್ಬನ್ನು ಸಿಗಿದು ತಿನ್ನುವುದಿಲ್ಲ. ಮಿಡಿ ಉಪ್ಪಿನಕಾಯಿಯನ್ನು ಇಡಿಯಾಗಿ ಕಚ್ಚುವುದಿಲ್ಲ, ಬೆರಳಲ್ಲಿ ಬಿಡಿಸಿ ದವಡೆಗೆ ಹಾಕಿಕೊಳ್ಳುತ್ತೇನೆ. ಕೋಡುಬಳೆಯೂ ಹಾಗೇ. ಕವಳ (ಎಲೆ ಅಡಿಕೆ) ಪೂರ್ತಿ ಬಿಟ್ಟಿದ್ದೇನೆ, ಅದರ ಕೆಂಪು ವೆನೀರಿನ ಅಂಚಿನ ಅಂಟಿನಲ್ಲಿ ಕೂರುತ್ತದೆ. ರಾತ್ರಿ ಹಲ್ಲು ಕಡಿಯುವ ಅಭ್ಯಾಸ ಇದೆ ಅಂತ ಮನೆಯವರು ಹೇಳಿದ ಮೇಲೆ 2,500 ಕೊಟ್ಟು ನೈಟ್ ಗಾರ್ಡ್, ಅಂದರೆ ಮಲಗುವಾಗ ಹಲ್ಲಿಗೆ ಹಾಕಿಕೊಳ್ಳುವ ಕವಚ, ಮಾಡಿಸಿದೆ. ಅದಿಲ್ಲದೆ ಈಗ ಮಲಗುವುದಿಲ್ಲ.

ಐದನೇ ವರ್ಷ ಬಲಗಡೆ ಕೋರೆಹಲ್ಲಿನ ವಸಡು ಕೂದಲೆಳೆಯಷ್ಟು ಹಿಂದೆ ಸರಿದು, ವೆನೀರಿನ ಅಂಚು ಸಣ್ಣ ಗೆರೆಯಾಗಿ ಕಾಣತೊಡಗಿತು. ಜೋರಾಗಿ ಉಜ್ಜುತ್ತಿದ್ದದ್ದೇ ಕಾರಣ ಅಂದರು ಡಾಕ್ಟರ್. ಈಗ ಮೆತ್ತನೆಯ ಬ್ರಷ್, ದಿನಾ ರಾತ್ರಿ ಫ್ಲಾಸ್ (ಹಲ್ಲಿನ ಸಂದಿ ಶುಚಿ ಮಾಡುವ ದಾರ), ಆರು ತಿಂಗಳಿಗೊಮ್ಮೆ ಕ್ಲೀನಿಂಗ್. ಇದ್ದಿಲು ಪುಡಿ, ಒರಟು ಹಲ್ಲುಪುಡಿ ಮನೆಯೊಳಗೇ ಇಲ್ಲ. ತೀರ್ಥಹಳ್ಳಿಯಿಂದ ಶಿವಮೊಗ್ಗ ಅರವತ್ತು ಕಿಲೋಮೀಟರ್, ಮಂಡಗದ್ದೆ, ಗಾಜನೂರು ದಾಟಿ ಹೋಗಿ ಬರುವುದರಲ್ಲಿ ಒಂದು ದಿನದ ರಜೆ ಹೋಗುತ್ತದೆ. ವೆನೀರಿನ ಖರ್ಚು ಲೆಕ್ಕ ಹಾಕುವಾಗ ಈ ಓಡಾಟವನ್ನೂ ಸೇರಿಸಿಕೊಳ್ಳಿ.

ಇಷ್ಟಾದ ಮೇಲೂ ಮತ್ತೆ ಮಾಡಿಸುತ್ತೀಯಾ ಅಂದರೆ ಮಾಡಿಸುತ್ತೇನೆ. ಹೋದ ವರ್ಷದ ಶಾಲಾ ಗ್ರೂಪ್ ಫೋಟೋದಲ್ಲಿ ಬಾಯ್ತುಂಬ ನಕ್ಕಿದ್ದೇನೆ. ಅತ್ತೆ ಅದಕ್ಕೆ ಕಟ್ಟು ಹಾಕಿಸಿ ಜಗಲಿಯ ಗೋಡೆಗೆ ತಾವೇ ನೇತುಹಾಕಿಸಿದರು.

ಈಗ ನನ್ನ ತಂಗಿಯ ಮಗಳ ವಿಷಯ. ಅವಳಿಗೆ ಹದಿನಾಲ್ಕು, ಹಲ್ಲು ಥೇಟ್ ನನ್ನ ಥರವೇ. "ದೊಡ್ಡಮ್ಮಾ, ನಂಗೂ ನಿನ್ನ ಥರ ಹಾಕಿಸು" ಅನ್ನುತ್ತಾಳೆ. ಈ ವಯಸ್ಸಿಗೆ ಹಲ್ಲಿನೊಳಗಿನ ನರದ ಜಾಗ ದೊಡ್ಡದಿರುತ್ತದೆ, ವಸಡೂ ಇನ್ನೂ ನಿಂತಿರುವುದಿಲ್ಲ, ಅರೆಯಬಾರದು ಅಂದರು ಡಾಕ್ಟರ್. ಬೇಸಿಗೆ ರಜೆಗೆ ಬರುತ್ತಾಳೆ. ದುರ್ಗಿಗುಡಿಗೆ ಕರೆದುಕೊಂಡು ಹೋಗಿ, ಮೇಲ್ಪದರ ಉಜ್ಜಿಸಿದರೆ ಎಷ್ಟು ಹೋಗುತ್ತದೋ ಅಷ್ಟನ್ನು ಮೊದಲು ತೆಗೆಸಿ ನೋಡುತ್ತೇವೆ.