ಪರ್ಸಿವಲ್ ಡೇವಿಡ್ ಸಂಗ್ರಹದ ಆನ್‌ಲೈನ್ ಕ್ಯಾಟಲಾಗು: ನಮ್ಮ ಅಟ್ಟದ ಪಿಂಗಾಣಿಗೆ ಎಷ್ಟು ಉಪಯೋಗ?

ಕುಂಬಳೆ, ಮಂಜೇಶ್ವರ, ಬದಿಯಡ್ಕ ಕಡೆಯ ಹಳೆ ಮನೆಗಳ ಅಟ್ಟ ಗುಡಿಸಿದರೆ ನೀಲಿ ಚಿತ್ತಾರದ ಪಿಂಗಾಣಿ ಬಟ್ಟಲೋ ಕಂದು ಭರಣಿಯೋ ಸಿಗುವುದುಂಟು. ‘ಚೀನಾದ್ದು, ಮುನ್ನೂರು ವರ್ಷ ಹಳತು’ ಎಂದು ಮಾರುವವರಿದ್ದಾರೆ, ನಂಬಿ ಕೊಳ್ಳುವವರೂ ಇದ್ದಾರೆ. ದುಡ್ಡು ಕೊಡುವ ಮೊದಲು ಒಂದು ಸಂಜೆ ಬಿಡುವು ಮಾಡಿಕೊಂಡು ಬ್ರಿಟಿಷ್ ಮ್ಯೂಸಿಯಂ ಜಾಲತಾಣದಲ್ಲಿರುವ ಪರ್ಸಿವಲ್ ಡೇವಿಡ್ ಸಂಗ್ರಹವನ್ನು ನೋಡಿ. ಬಿಟ್ಟಿ ಸೇವೆ. ಸುಮಾರು 1,700 ವಸ್ತುಗಳ, ಬಹುತೇಕ ಚೀನೀ ಪಿಂಗಾಣಿಯ ಸಂಗ್ರಹ ಅದು. ಆದರೆ ಅದನ್ನು ಕೂಡಿಸಿದವರ ಕಣ್ಣು ಎಂಥದ್ದೆಂದು ತಿಳಿಯದೆ ಹುಡುಕಿದರೆ ಚಂದದ ಚಿತ್ರ ನೋಡಿದಷ್ಟೇ ಲಾಭ.

ಡೇವಿಡ್ ಹುಟ್ಟಿದ್ದು ಬೊಂಬಾಯಿಯಲ್ಲಿ, 1892ರಲ್ಲಿ. ತಂದೆ ಸರ್ ಸಸೂನ್ ಡೇವಿಡ್ ಬ್ಯಾಂಕ್ ಆಫ್ ಇಂಡಿಯಾ ಕಟ್ಟಿದವರಲ್ಲಿ ಒಬ್ಬರು. ದುಡ್ಡಿದ್ದವರು ಪಿಂಗಾಣಿ ಕೊಳ್ಳುವುದು ದೊಡ್ಡ ಮಾತಲ್ಲ. ಡೇವಿಡ್ ಚೀನೀ ಭಾಷೆ ಕಲಿತು, ಹಳೆಯ ಗ್ರಂಥಗಳನ್ನು ಮೂಲದಲ್ಲೇ ಓದಿ, ಅಲ್ಲಿ ಬರೆದಿದ್ದನ್ನು ಕೈಯಲ್ಲಿರುವ ಪಾತ್ರೆಗೆ ತಾಳೆ ಹಾಕಿದರು. ಅವರನ್ನು ವಿದ್ವಾಂಸರ ಸಾಲಿಗೆ ಸೇರಿಸಿದ್ದು ಇದು. 1920ರ ದಶಕದಲ್ಲಿ ಚೀನಾಕ್ಕೆ ಹೋಗಿಬಂದರು. ಅರಮನೆಯಿಂದ ಬ್ಯಾಂಕಿಗೆ ಅಡವು ಹೋಗಿದ್ದ ವಸ್ತುಗಳಲ್ಲಿ ಕೆಲವನ್ನು ಕೊಂಡರು. 1935-36ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಚೀನೀ ಕಲೆಯ ಅಂತಾರಾಷ್ಟ್ರೀಯ ಪ್ರದರ್ಶನ ನಡೆದಾಗ ಅದರ ನಿರ್ದೇಶಕರು ಇವರೇ. ಚೀನಾ ಸರ್ಕಾರ ಕಳಿಸಿದ ಅರಮನೆಯ ಸಾಮಾನು ಬ್ರಿಟಿಷ್ ಯುದ್ಧನೌಕೆಯಲ್ಲಿ ಬಂತು, ನೋಡಿದವರ ಸಂಖ್ಯೆ ನಾಲ್ಕು ಲಕ್ಷ ದಾಟಿತು. 1950ರಲ್ಲಿ ಸಂಗ್ರಹವನ್ನು ಗ್ರಂಥಾಲಯದ ಸಮೇತ ಲಂಡನ್ ವಿಶ್ವವಿದ್ಯಾಲಯಕ್ಕೆ ಕೊಟ್ಟರು. 1964ರಲ್ಲಿ ತೀರಿಕೊಂಡರು. ಕೈಕಾಲು ಸ್ವಾಧೀನ ತಪ್ಪಿದ ಕೊನೆಯ ವರ್ಷಗಳಲ್ಲೂ 1388ರ ಒಂದು ಚೀನೀ ಕೈಪಿಡಿಯ ಅನುವಾದ ನಡೆಸಿದ್ದರು. ಹಳೆ ವಸ್ತುಗಳಲ್ಲಿ ಅಸಲಿ ಯಾವುದು, ನಕಲಿ ಯಾವುದು ಎಂದು ಹೇಳಿಕೊಡುವ ಕೈಪಿಡಿ ಅದು.

ಈಗ ಹುಡುಕುವ ಬಗೆ. ‘ಚೀನೀ ಹೂದಾನಿ’ ಎಂದು ಇಂಗ್ಲಿಷಿನಲ್ಲಿ ಹಾಕಿದರೆ ಇಡೀ ಮ್ಯೂಸಿಯಮ್ಮಿನ ಸಾಮಾನು ಬಂದು ಸುರಿಯುತ್ತದೆ. ಸಂಖ್ಯೆ ಹಿಡಿದೇ ಹೋಗಬೇಕು. ಈ ಸಂಗ್ರಹದ ವಸ್ತುಗಳ ಸಂಖ್ಯೆ ‘ಪಿಡಿಎಫ್’ ಎಂದು ಶುರುವಾಗುತ್ತದೆ. ಅದು ಕಡತದ ನಮೂನೆಯಲ್ಲ, ಪರ್ಸಿವಲ್ ಡೇವಿಡ್ ಫೌಂಡೇಶನ್ನಿನ ಮೊದಲಕ್ಷರಗಳು. ಉದಾಹರಣೆಗೆ ಪಿಡಿಎಫ್, ಅಲ್ಪವಿರಾಮ, ಬಿ, ಚುಕ್ಕಿ, 613 ಎಂದು ಇಂಗ್ಲಿಷ್ ಅಕ್ಷರದಲ್ಲಿ ಕೊಡಿ. ಇನ್ನೊಂದು ತೊಡಕು ಕಾಗುಣಿತದ್ದು. ಡೇವಿಡ್ ಕಾಲದ ಬರಹಗಳಲ್ಲಿ ‘ಜು’ ಎಂದಿರುವುದೇ ಈಗಿನ ‘ರು’ ಪಿಂಗಾಣಿ, ಸುಮಾರು 900 ವರ್ಷ ಹಿಂದೆ ಚೀನೀ ಅರಮನೆಗೆಂದು ಮಾಡಿದ್ದು; ಹಳೆ ಪುಸ್ತಕ ನೋಡಿಕೊಂಡು ಹುಡುಕುವವರು ಇಲ್ಲಿ ಎಡವುತ್ತಾರೆ. ರು ಪಾತ್ರೆಗಳು ಜಗತ್ತಿನಲ್ಲಿ ಉಳಿದಿರುವುದೇ ನೂರರ ಆಸುಪಾಸು, ಬಣ್ಣ ತಿಳಿನೀಲಿ. ಫೋನಿನಲ್ಲಿ ರಾತ್ರಿಯ ಹಳದಿ ಬೆಳಕು ಹಾಕಿಕೊಂಡಿದ್ದರೆ ಅದೇ ಹಸಿರಾಗಿ ಕಾಣುತ್ತದೆ. ತೆಗೆದುಬಿಟ್ಟು ನೋಡಿ. ಅಳತೆಯ ಸಾಲನ್ನೂ ಬಿಡಬೇಡಿ: ಕೋಳಿ ಚಿತ್ರದ ಪ್ರಸಿದ್ಧ ಬಟ್ಟಲು ತೆರೆಯ ಮೇಲೆ ಪಾಯಸದ ಬೋಗುಣಿಯಷ್ಟು ಕಂಡರೂ ಬಾಯಿಯ ಅಗಲ ಸುಮಾರು 8 ಸೆಂ.ಮೀ. ಮಾತ್ರ.

ಮೇಲೆ ಹೇಳಿದ 613 ಮತ್ತು 614, ಇವೆರಡೇ ‘ಡೇವಿಡ್ ಹೂದಾನಿಗಳು’. ಎತ್ತರ 63 ಸೆಂ.ಮೀ.ಗೂ ಹೆಚ್ಚು. ಕತ್ತಿನ ಎರಡು ಪಕ್ಕ ಆನೆಯ ತಲೆಯ ಹಿಡಿಕೆ, ಹೊಟ್ಟೆಯ ಮೇಲೆ ನಾಲ್ಕುಗುರಿನ ಡ್ರ್ಯಾಗನ್. ಚಿತ್ರವನ್ನು ಹಿಗ್ಗಿಸಿ ಕತ್ತಿನ ಬಳಿ ನಿಲ್ಲಿ. ಬಾಳೆ ಎಲೆಗಳ ನಡುವೆ ನೀಲಿಯಲ್ಲಿ ಬರೆದ ಸಾಲುಗಳಿವೆ. ಝಾಂಗ್ ವೆನ್‌ಜಿನ್ ಎಂಬ ಭಕ್ತ ಒಂದು ಧೂಪದ ಪಾತ್ರೆ, ಒಂದು ಜೊತೆ ಹೂದಾನಿ ಅರ್ಪಿಸಿ ಮನೆಮಂದಿಯ, ಮಕ್ಕಳ ಕ್ಷೇಮ ಕೋರಿದ್ದಾನೆ. ಅರ್ಪಿಸಿದ್ದು ಹೂ ಜಿಂಗ್‌ಯಿ ಎಂಬ ದಂಡನಾಯಕನಿಗೆ, ದೇವರ ಪದವಿ ಪಡೆದವನಿಗೆ. ವೀರರು ದೈವವಾಗುವ ನಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ; ದೈವಸ್ಥಾನದ ದೀಪಕ್ಕೋ ಗಂಟೆಗೋ ಹರಕೆ ಹೊತ್ತವರ ಹೆಸರು ಕೊರೆಸಿದ ಹಾಗೆಯೇ. ಕೊನೆಯಲ್ಲಿ ತೇದಿ ಇದೆ, ನಮ್ಮ ಲೆಕ್ಕದಲ್ಲಿ 1351. ಚೀನಾದ ದೊಡ್ಡ ಹಡಗುಗಳು ನಮ್ಮ ತೆಂಕಣ ಏಳಿಮಲೆಗೆ ಬರುತ್ತವೆಂದು ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತಾ ಹೇಳಿದ ಕಾಲವೂ ಹೆಚ್ಚುಕಡಿಮೆ ಅದೇ.

ಆ ಒಂದು ತೇದಿಯಿಂದ ಕೆಲಸ ಕೆಟ್ಟದ್ದೂ ಉಂಟು, ಸರಿಯಾದದ್ದೂ ಉಂಟು. ಅದುವರೆಗೆ ಇಷ್ಟು ಪಳಗಿದ ನೀಲಿ-ಬಿಳಿ ಕೆಲಸ 1368ರಲ್ಲಿ ಶುರುವಾದ ಮಿಂಗ್ ರಾಜವಂಶದ ಕಾಲದ್ದೇ ಇರಬೇಕೆಂದು ಪಂಡಿತರು ಕಟ್ಟಿದ್ದ ಲೆಕ್ಕ ಕುಸಿಯಿತು. ಆಮೇಲೆ 1950ರ ದಶಕದಲ್ಲಿ ಜಾನ್ ಪೋಪ್ ಎಂಬ ಅಮೆರಿಕದ ವಿದ್ವಾಂಸರು ಇದೇ ಅಲೆ, ಎಲೆ, ಬಳ್ಳಿಗಳನ್ನು ಇಸ್ತಾನ್‌ಬುಲ್ ಮತ್ತು ಇರಾನಿನ ಸಂಗ್ರಹಗಳ ಜೊತೆ ಹೋಲಿಸಿ 14ನೇ ಶತಮಾನದ ಪಾತ್ರೆಗಳನ್ನು ಬೇರ್ಪಡಿಸಿದರು. ಮಂಜೇಶ್ವರದಲ್ಲಿ ಗೋವಿಂದ ಪೈಗಳು ಶಾಸನ ಹಿಡಿದು ಮಾಡಿದ ಕಾಲನಿರ್ಣಯದ ದಾರಿಯೂ ಇದೇ. ಕ್ಯಾಟಲಾಗನ್ನು ಬಳಸುವ ಕ್ರಮವೂ ಹೀಗೇ ಇರಲಿ: ತೇದಿ ಖಚಿತ ಇರುವ ವಸ್ತುವನ್ನು ಮೊದಲು ನೋಡಿ, ಅದರ ಬಳ್ಳಿಯ ತಿರುವು, ಅಂಚಿನ ಪಟ್ಟಿ ಕಣ್ಣಿಗೆ ಪಳಗಿದ ಮೇಲೆ ನಿಮ್ಮದನ್ನು ಪಕ್ಕದಲ್ಲಿಡಿ.

ಬಟ್ಟಲಿನ ತಳದ ಮುದ್ರೆ ನೋಡುವಾಗ ಎಚ್ಚರ. ಆರು ಅಕ್ಷರ ಎರಡು ಸಾಲಿನಲ್ಲಿದ್ದರೆ ಬಲಸಾಲು ಮೊದಲು, ಮೇಲಿಂದ ಕೆಳಗೆ. ಮೊದಲೆರಡು ರಾಜವಂಶ, ಮುಂದಿನೆರಡು ಅರಸನ ಆಳ್ವಿಕೆ, ಕೊನೆಯವೆರಡು ‘ಕಾಲದಲ್ಲಿ ಮಾಡಿದ್ದು’ ಎಂಬರ್ಥದವು. ಇದನ್ನೇ ನಂಬಿ ಬೆಲೆ ಕಟ್ಟಬೇಡಿ. ಛೆಂಗ್‌ಹುಆ ಆಳ್ವಿಕೆಯ (1465-87) ಮುದ್ರೆಯನ್ನು ಇನ್ನೂರು ವರ್ಷ ಕಳೆದ ಮೇಲೂ ಕುಂಬಾರರು ಮರ್ಯಾದೆಗೆಂದೇ ಬರೆಯುತ್ತಿದ್ದರು, ಮೋಸಕ್ಕೂ ಬರೆದವರಿದ್ದಾರೆ. ಇಂಗ್ಲಿಷಿನಲ್ಲಿ ‘ಚೀನಾ’ ಎಂದು ಬರೆದಿದ್ದರೆ ಅದು ಬಹುತೇಕ 1891ರ ನಂತರದ್ದು. ಆಮದು ಸಾಮಾನಿನ ಮೇಲೆ ದೇಶದ ಹೆಸರಿರಬೇಕೆಂದು ಅಮೆರಿಕ ಕಾನೂನು ಮಾಡಿದ ಮೇಲಿನದ್ದು.

ಕೊರತೆಯನ್ನೂ ಹೇಳಬೇಕು. ಚಿತ್ರದಲ್ಲಿ ಕೈತೂಕವಿಲ್ಲ, ಬೆರಳಲ್ಲಿ ತಟ್ಟಿದ ಸದ್ದಿಲ್ಲ. ಕನ್ನಡವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಡೇವಿಡ್ ಕೂಡಿಸಿದ್ದು ಅರಸರ, ಪಂಡಿತರ ಅಭಿರುಚಿಯ ವಸ್ತು. ಹಡಗಿನಲ್ಲಿ ತುಂಬಿ ಬಂದ ದಪ್ಪ ಜಾಡಿಗಳ ಉತ್ತರ ಅಲ್ಲಿ ಹುಡುಕಿದರೆ ನಿರಾಸೆಯೇ. ಮೇಲರ್ಧ ಕಂದು, ಕೆಳಗೆ ಬೆಳ್ಳಗಿರುವ ಉಪ್ಪಿನಕಾಯಿ ಭರಣಿಯಂತೂ ಹೆಚ್ಚಾಗಿ ನಮ್ಮ ದೇಶದ ಕಾರ್ಖಾನೆಗಳದ್ದೇ. ಅದಕ್ಕೆ ಚೀನಾದ ಬೆಲೆ ಕೊಡಬೇಡಿ. ಒಳಗೋಡೆಯ ಮೆರುಗು ಬಿರುಕು ಬಿಟ್ಟಿಲ್ಲವೆಂದು ನೋಡಿ, ರಾತ್ರಿಯಿಡೀ ಉಪ್ಪುನೀರು ತುಂಬಿಸಿಡಿ. ಬೆಳಿಗ್ಗೆ ಹೊರಗೆ ತೇವ ಕಾಣದಿದ್ದರೆ ಮಿಡಿ ಹಾಕಲು ಅಡ್ಡಿಯಿಲ್ಲ.

ಲಂಡನ್ನಿನಲ್ಲಿ ಮಕ್ಕಳೋ ನೆಂಟರೋ ಇದ್ದವರು ಅಲ್ಲಿಗೆ ಹೋದಾಗ ಮ್ಯೂಸಿಯಮ್ಮಿನ 95ನೇ ಕೊಠಡಿ ತಪ್ಪಿಸಬಾರದು. 2009ರಿಂದ ಸಂಗ್ರಹ ಅಲ್ಲಿದೆ. 2024ರ ನವೆಂಬರಿನಲ್ಲಿ ಟ್ರಸ್ಟಿಗಳು ಅದನ್ನು ಮ್ಯೂಸಿಯಮ್ಮಿಗೇ ದಾನ ಕೊಡುವುದಾಗಿ ಘೋಷಿಸಿದರು. ಪ್ರವೇಶಕ್ಕೆ ದುಡ್ಡಿಲ್ಲ. ಹೂದಾನಿಗಳ ಎದುರು ನಿಂತಾಗ ಬಾಳೆ ಎಲೆಯ ನಡುವಿನ ಬರಹವನ್ನು ಮೊದಲು ಹುಡುಕಿ, ಡ್ರ್ಯಾಗನ್ ಆಮೇಲಾಗಲಿ.